ಬಿಸ್ಕತ್ತು: ಹೆಸರು ಎರಡು ಸಲ ಬೆಂದದ್ದು, ತಿಂಡಿ ಒಂದೇ ಸಲ

ಬೆಂಗಳೂರಿನಿಂದ ಹೊಸದಾಗಿ ಮುಂಬೈಗೆ ಬಂದವರು ಮಾಟುಂಗದಲ್ಲೋ ಡೊಂಬಿವಲಿಯಲ್ಲೋ ಬೇಕರಿಗೆ ಹೋಗಿ ‘ಖಾರಾ ಬಿಸ್ಕೆಟ್ ಕಾಲು ಕೇಜಿ’ ಎಂದರೆ ಅಂಗಡಿಯವರು ತೂಗಿ ಕೊಡುವುದು ಖಾರಿ. ಬೆಣ್ಣೆ, ಹಸಿಮೆಣಸಿನಕಾಯಿ, ಕರಿಬೇವು ಹಾಕಿದ ಅಯ್ಯಂಗಾರ್ ಬೇಕರಿಯ ಬಿಸ್ಕತ್ತು ಬಯಸಿದವರ ಕೈಗೆ ಪದರಪದರವಾಗಿ ಉದುರುವ, ಮೆಣಸಿನ ಸುಳಿವೇ ಇಲ್ಲದ ಉಪ್ಪು ತಿಂಡಿ ಬರುತ್ತದೆ. ಮರಾಠಿಯಲ್ಲಿ ‘ಖಾರಾ’ ಎಂದರೆ ಉಪ್ಪಾದದ್ದು. ನಾವು ಖಾರ ಅನ್ನುವುದಕ್ಕೆ ಅಲ್ಲಿ ‘ತಿಖಟ್’ ಅನ್ನಬೇಕು. ಮರಾಠಿಯ ಖಾರಾ, ಕನ್ನಡದ ಖಾರ ಎರಡೂ ಸಂಸ್ಕೃತದ ‘ಕ್ಷಾರ’ದಿಂದಲೇ ಬಂದವು. ಒಂದು ಉಪ್ಪಿನ ಕಡೆಗೆ ಹೋಯಿತು, ಇನ್ನೊಂದು ಮೆಣಸಿನ ಕಡೆಗೆ.

ಖಾರದ ಗೊಂದಲ ಒಂದು ದಿನದಲ್ಲಿ ಬಗೆಹರಿಯುತ್ತದೆ. ಬಿಸ್ಕತ್ತಿನದು ಅಷ್ಟು ಸುಲಭವಲ್ಲ. ಅದೇ ಗಾಜಿನ ಕಪಾಟಿನಲ್ಲಿ ನಾನ್‌ಖಟಾಯಿ, ಟೋಸ್ಟ್, ಜೀರಾ ಬಟರ್, ಪಾರ್ಲೆ-ಜಿ ಪೊಟ್ಟಣ ಎಲ್ಲವೂ ಇರುತ್ತವೆ. ಹೆಸರಿನ ಮೂಲ ಅರ್ಥಕ್ಕೆ ನಿಜವಾಗಿ ಸಲ್ಲುವುದು ಅವುಗಳಲ್ಲಿ ಟೋಸ್ಟ್ ಮತ್ತು ಜೀರಾ ಬಟರ್ ಮಾತ್ರ. ಆದರೆ ಬಿಸ್ಕತ್ತು ಕೊಡಿ ಎಂದರೆ ಆ ಎರಡನ್ನು ಯಾರೂ ಕೊಡುವುದಿಲ್ಲ.

ದ್ವಿಪಕ್ವ

ಬಿಸ್ಕತ್ತಿನ ಮೂಲ ಲ್ಯಾಟಿನ್ನಿನ ‘ಬಿಸ್ ಕೋಕ್ಟುಸ್’. ಬಿಸ್ ಎಂದರೆ ಎರಡು ಸಲ, ಕೋಕ್ಟುಸ್ ಎಂದರೆ ಬೆಂದದ್ದು. ನಮಗೆ ಇದು ದೂರದ ಮಾತಲ್ಲ. ಲ್ಯಾಟಿನ್ನಿನ ಬಿಸ್ ಮತ್ತು ಸಂಸ್ಕೃತದ ದ್ವಿಃ ಒಂದೇ ಬೇರಿನವು. ಕೋಕ್ಟುಸ್ ಮತ್ತು ಪಕ್ವ ಕೂಡ ಹಾಗೆಯೇ. ಅಂದರೆ ಬಿಸ್ಕತ್ತನ್ನು ಪದಕ್ಕೆ ಪದ ಇಟ್ಟು ಹೇಳಿದರೆ ‘ದ್ವಿಪಕ್ವ’. ಹಬ್ಬದ ಪಕ್ವಾನ್ನದಲ್ಲಿರುವ ಪಕ್ವ, ಇಂಗ್ಲಿಷಿನ ಕುಕ್, ಕಿಚನ್, ನಮ್ಮ ಒಲೆಯ ಮೇಲೆ ಸೀಟಿ ಹೊಡೆಯುವ ಕುಕ್ಕರ್ ಎಲ್ಲವೂ ಇದೇ ಬೇರಿನ ಸಂತಾನ.

ಲ್ಯಾಟಿನ್ನಿನಿಂದ ಈ ಪದ ಹಳೆಯ ಫ್ರೆಂಚಿಗೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಬಂತು. ಇಂಗ್ಲಿಷಿನವರು ಶತಮಾನಗಳ ಕಾಲ ಅದನ್ನು ಉಚ್ಚರಿಸಿದ ಹಾಗೆಯೇ, ‘ಬಿಸ್ಕೆಟ್’ ಎಂದು ಓದಿಸುವ ಸರಳ ಕಾಗುಣಿತದಲ್ಲಿ ಬರೆಯುತ್ತಿದ್ದರು. ಆಮೇಲೆ ಫ್ರೆಂಚ್ ಕಾಗುಣಿತವನ್ನು ಎರವಲು ತಂದರು. ಉಚ್ಚಾರ ಮಾತ್ರ ಹಳೆಯದೇ ಉಳಿಯಿತು. ಶಾಲೆಯ ಮಕ್ಕಳು ಆ ಪದದ ನಡುವಿನ ಯು ಅಕ್ಷರವನ್ನು ಬಾಯಿಪಾಠ ಮಾಡಬೇಕಾಗಿ ಬಂದದ್ದು ಹೀಗೆ. ಇಟಲಿಯಲ್ಲಿ ಇದೇ ಪದ ಬಿಸ್ಕೊತ್ತಿ ಆಯಿತು, ಪೋರ್ಚುಗಲ್ಲಿನಲ್ಲಿ ಬಿಸ್ಕೊಯ್ತು. ಜರ್ಮನರು ಲ್ಯಾಟಿನ್ ಪದವನ್ನು ಬಿಟ್ಟು ಅರ್ಥವನ್ನು ಇಟ್ಟುಕೊಂಡು ತ್ಸ್ವೀಬಾಕ್ ಎಂದರು. ಅದಕ್ಕೂ ಎರಡು ಸಲ ಬೇಯಿಸಿದ್ದು ಎಂದೇ ಅರ್ಥ.

ಎರಡು ಸಲ ಏಕೆ ಬೇಯಿಸಬೇಕು? ನೀರನ್ನು ಹೊರಗೆ ಹಾಕುವುದಕ್ಕೆ. ಬ್ರೆಡ್ಡಿನ ತೂಕದಲ್ಲಿ ನೂರಕ್ಕೆ 35ರಿಂದ 40 ಪಾಲು ನೀರಿರುತ್ತದೆ. ಮೊದಲ ಸಲ ಬೇಯುವಾಗ ಹಿಟ್ಟು ಗಟ್ಟಿಯಾಗಿ ರೂಪ ನಿಲ್ಲುತ್ತದೆ, ಆದರೆ ಒಳಗಿನ ನೀರು ಬಹುಪಾಲು ಅಲ್ಲೇ ಉಳಿಯುತ್ತದೆ. ಅಷ್ಟು ನೀರಿದ್ದರೆ ಬೂಷ್ಟಿಗೆ ನಾಲ್ಕು ದಿನ ಸಾಕು. ಎರಡನೆಯ ಸಲ ಕಡಿಮೆ ಶಾಖದಲ್ಲಿ ತುಂಬಾ ಹೊತ್ತು ಇಟ್ಟರೆ ನೀರು ನೂರಕ್ಕೆ ಐದಕ್ಕಿಂತ ಕೆಳಗೆ ಇಳಿಯುತ್ತದೆ. ಅಷ್ಟು ಒಣಗಿದ ಮೇಲೆ ಬೂಷ್ಟು, ಬ್ಯಾಕ್ಟೀರಿಯಾ ಎರಡೂ ಬೆಳೆಯುವುದಿಲ್ಲ. ಮೊದಲ ಬೇಯಿಸುವಿಕೆ ಅಡುಗೆಯಾದರೆ ಎರಡನೆಯದು ಸಂರಕ್ಷಣೆ.

ಇದರ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿ ಇದ್ದದ್ದು ಹಡಗಿನವರಿಗೆ. ಲಿಸ್ಬನ್ನಿನಿಂದ ಗೋವಾಕ್ಕೆ ಹಡಗು ಬರಲು ಸುಮಾರು ಆರು ತಿಂಗಳು ಹಿಡಿಯುತ್ತಿತ್ತು. ಲಿಸ್ಬನ್ನಿನ ಎದುರು ದಂಡೆಯ ವಾಲ್ ದ ಜೆಬ್ರು ಎಂಬಲ್ಲಿ ಹಡಗುಗಳಿಗೆ ಬಿಸ್ಕತ್ತು ಸುಡುವುದಕ್ಕೆಂದೇ ರಾಜರ ಒಲೆಗಳ ಸಾಲು ಇತ್ತು. ಬ್ರಿಟಿಷ್ ನೌಕಾಪಡೆಯಲ್ಲಿ ಪ್ರತಿ ನಾವಿಕನ ದಿನದ ಪಡಿ ಒಂದು ಪೌಂಡ್ ಬಿಸ್ಕತ್ತು, ಅಂದರೆ ಸುಮಾರು 450 ಗ್ರಾಂ, ಜೊತೆಗೆ ಒಂದು ಗ್ಯಾಲನ್ ಬಿಯರ್. ಆ ಬಿಸ್ಕತ್ತಿನಲ್ಲಿ ಸಕ್ಕರೆ ಇಲ್ಲ, ತುಪ್ಪ ಇಲ್ಲ. ಹಿಟ್ಟು, ನೀರು, ಕೆಲವೊಮ್ಮೆ ಉಪ್ಪು. ಕೊಬ್ಬು ಹಾಕದಿದ್ದುದಕ್ಕೂ ಕಾರಣವಿದೆ: ತಿಂಗಳುಗಟ್ಟಲೆ ಇಟ್ಟ ಕೊಬ್ಬು ಕಮಟು ಹಿಡಿಯುತ್ತದೆ. ಹಲ್ಲಿಗೆ ಬಗ್ಗದ ಆ ತುಂಡುಗಳನ್ನು ಕುಟ್ಟಿ, ಸಾರಿನಲ್ಲೋ ಬಿಯರಿನಲ್ಲೋ ನೆನೆಸಿ ತಿನ್ನುತ್ತಿದ್ದರು. ಚಹಾದಲ್ಲಿ ಬಿಸ್ಕತ್ತು ಅದ್ದುವುದು ಅಸಭ್ಯ ಎಂದು ಮಕ್ಕಳನ್ನು ಗದರಿಸುವವರು ಇದನ್ನು ತಿಳಿದಿರಬೇಕು. ಬಿಸ್ಕತ್ತು ಹುಟ್ಟಿದ್ದೇ ಅದ್ದಿ ತಿನ್ನುವುದಕ್ಕೆ.

ರಸ್ಕ್ ಮತ್ತು ಗೋವಾದ ಬಳೆ

ಒಣಗಿಸಿದ ಬ್ರೆಡ್ಡಿಗೆ ಇಂಗ್ಲಿಷಿನಲ್ಲಿ ಇನ್ನೊಂದು ಪದ ಬಂತು: ರಸ್ಕ್. ಇದು ಸ್ಪ್ಯಾನಿಷ್ ಮತ್ತು ಪೋರ್ಚುಗೀಸಿನ ‘ರೊಸ್ಕ’ದಿಂದ ಬಂದದ್ದು. ರೊಸ್ಕ ಎಂದರೆ ತಿರುಚಿದ್ದು, ಸುರುಳಿ. ಹಿಟ್ಟನ್ನು ಹೊಸೆದು ಉಂಗುರದಂತೆ ಸುತ್ತಿ ಸುಟ್ಟ ಬ್ರೆಡ್ಡಿಗೂ ಅದೇ ಹೆಸರು. ಅಂದರೆ ಬಿಸ್ಕತ್ತು ಎಂಬ ಹೆಸರು ಬಂದದ್ದು ಮಾಡುವ ವಿಧಾನದಿಂದ, ರಸ್ಕ್ ಎಂಬುದು ಆಕಾರದಿಂದ. ಇಂದಿನ ರಸ್ಕ್ ಚೌಕಾಕಾರದ ಹೋಳು. ಸುರುಳಿ ಹೋಗಿ ಹೆಸರು ಉಳಿದಿದೆ.

ಆ ಸುರುಳಿಯನ್ನು ನೋಡಬೇಕಾದರೆ ಗೋವಾಕ್ಕೆ ಹೋಗಬೇಕು. ಅಲ್ಲಿ ಬೆಳಿಗ್ಗೆ ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಹಾರ್ನ್ ಒತ್ತುತ್ತಾ ಬರುವ ಪೊದೆರನ, ಅಂದರೆ ಬ್ರೆಡ್ ಮಾರುವವನ, ಹತ್ತಿರ ಪಾವ್, ಪೊಯಿ, ಉಂಡೊ ಎಂಬ ಬ್ರೆಡ್ಡುಗಳ ಜೊತೆ ಕಾಂಕೊಣ ಇರುತ್ತದೆ. ಬಳೆಯಂತೆ ದುಂಡಗೆ, ಒಳಗೆಲ್ಲ ಒಣಗಿ ಗರಿಗರಿಯಾದ ಬ್ರೆಡ್. ಕಾಂಕೊಣ ಎಂದರೆ ಕೊಂಕಣಿಯಲ್ಲಿ ಬಳೆ, ನಮ್ಮ ಕಂಕಣವೇ. ಚಹಾಕ್ಕೆ ಅದ್ದದೆ ಅದನ್ನು ತಿನ್ನುವವರು ಕಡಿಮೆ. ಪೊದೆರ್ ಎಂಬ ಪದ ಪೋರ್ಚುಗೀಸಿನ ಪಾದೈರು ಎಂಬುದರಿಂದ, ಪಾವ್ ಅವರ ಬ್ರೆಡ್ಡಿನ ಹೆಸರಾದ ಪಾಂವ್‌ನಿಂದ ಬಂದವು. ಬಳೆಯ ಆಕಾರಕ್ಕೂ ಒಂದು ಕೆಲಸವಿದೆ. ನಡುವೆ ತೂತು ಇರುವುದರಿಂದ ಬಿಸಿಗಾಳಿ ಒಳಗಿನಿಂದಲೂ ಹೊರಗಿನಿಂದಲೂ ತಾಗುತ್ತದೆ, ಹಿಟ್ಟಿನ ದಪ್ಪ ಎಲ್ಲ ಕಡೆ ಒಂದೇ ಇರುತ್ತದೆ, ಹಸಿ ಉಳಿಯುವ ನಡುಭಾಗವೇ ಇರುವುದಿಲ್ಲ. ಒಂದೇ ಒಲೆಯಲ್ಲಿ ಪೂರ್ತಿ ಒಣಗಬೇಕಾದ ಬ್ರೆಡ್ಡಿಗೆ ಇದಕ್ಕಿಂತ ಒಳ್ಳೆಯ ಆಕಾರ ಸಿಗುವುದು ಕಷ್ಟ.

ನಿಜವಾದ ಬಿಸ್ಕತ್ತು: ಟೋಸ್ಟ್, ಜೀರಾ ಬಟರ್

ಮುಂಬೈ ಬೇಕರಿಗಳ ಟೋಸ್ಟ್ ಅಪ್ಪಟ ದ್ವಿಪಕ್ವ. ಸ್ವಲ್ಪ ಸಕ್ಕರೆ, ಏಲಕ್ಕಿ ಹಾಕಿದ ಬ್ರೆಡ್ಡನ್ನು ಸುಟ್ಟು, ಒಂದು ರಾತ್ರಿ ಬಿಟ್ಟು, ಹೋಳು ಮಾಡಿ ಮತ್ತೆ ಒಲೆಗೆ ಇಡುತ್ತಾರೆ. ಜೀರಾ ಬಟರ್ ಕೂಡ ಹಾಗೆಯೇ. ಜೀರಿಗೆ ಹಾಕಿದ ಪುಟ್ಟ ಬನ್ನುಗಳನ್ನು ಮೊದಲು ಬೇಯಿಸಿ, ಆಮೇಲೆ ಕಲ್ಲಿನಂತಾಗುವವರೆಗೆ ಒಣಗಿಸುತ್ತಾರೆ. ಬಟರ್ ಎಂಬ ಹೆಸರು ಕೇಳಿ ಬೆಣ್ಣೆಯ ಮೃದುತನ ನಿರೀಕ್ಷಿಸಬಾರದು. ಅದು ಚಹಾದಲ್ಲಿ ನೆನೆದ ಮೇಲೆಯೇ ಬಾಯಿಗೆ ಬರುವ ತಿಂಡಿ.

ಸೌದೆಯ ಭಟ್ಟಿಗೂ ಈ ತಿಂಡಿಗಳಿಗೂ ಹಳೆಯ ನಂಟು. ಇಟ್ಟಿಗೆಯ ಭಟ್ಟಿ ಕಾದು ಜೋರಾಗಿರುವಾಗ ಪಾವ್ ಬೇಯುತ್ತದೆ. ಬೆಂಕಿ ತೆಗೆದ ಮೇಲೂ ಇಟ್ಟಿಗೆ ಗಂಟೆಗಟ್ಟಲೆ ಶಾಖ ಬಿಡುತ್ತಲೇ ಇರುತ್ತದೆ. ಆ ಇಳಿಶಾಖ ಪಾವ್‌ಗೆ ಸಾಲದು, ಒಣಗಿಸುವುದಕ್ಕೆ ಮಾತ್ರ ಹೇಳಿ ಮಾಡಿಸಿದಂತೆ. ಟೋಸ್ಟ್, ಬಟರ್, ಖಾರಿ ಒಣಗುವುದು ಆಗ. 2025ರಲ್ಲಿ ಬಾಂಬೆ ಹೈಕೋರ್ಟಿನ ಆದೇಶದ ಬೆನ್ನಿಗೆ ಮುಂಬೈ ಪಾಲಿಕೆಯು ಸೌದೆ, ಕಲ್ಲಿದ್ದಲಿನ ಭಟ್ಟಿಗಳು ಗ್ಯಾಸಿಗೋ ವಿದ್ಯುತ್ತಿಗೋ ಬದಲಾಗಬೇಕೆಂದು ಸೂಚಿಸಿತು. ಊರಿನ ಗಾಳಿಗೆ ಅದು ಬೇಕಾದದ್ದೇ. ಆದರೆ ಪುಕ್ಕಟೆ ಸಿಗುತ್ತಿದ್ದ ಆ ಇಳಿಶಾಖಕ್ಕೆ ಇನ್ನು ಗ್ಯಾಸು ಉರಿಸಿ ದುಡ್ಡು ಕೊಡಬೇಕು. ಟೋಸ್ಟಿನಂತಹ ಅಗ್ಗದ ತಿಂಡಿಗೆ ಇದು ದೊಡ್ಡ ಹೊರೆ.

ಮನೆಯ ಓವನ್ನಿನಲ್ಲಿ ಟೋಸ್ಟ್ ಮಾಡುವುದು ಕಷ್ಟವಲ್ಲ, ಆತುರ ಮಾತ್ರ ಕೂಡದು. ಬ್ರೆಡ್ ಹಿಂದಿನ ದಿನದ್ದಿರಲಿ. ತಾಜಾ ಬ್ರೆಡ್ಡಿನ ಒಳಭಾಗ ಅಂಟಂಟಾಗಿದ್ದು ಚಾಕುವಿಗೆ ಹಿಸುಕಿಹೋಗುತ್ತದೆ. ಒಂದು ರಾತ್ರಿಯಲ್ಲಿ ಪಿಷ್ಟ ಬಿಗಿದುಕೊಂಡು ಹೋಳು ನೇರವಾಗಿ ಬರುತ್ತದೆ. ದಪ್ಪ ಒಂದು ಸೆಂಟಿಮೀಟರಿಗಿಂತ ಬಹಳ ಹೆಚ್ಚಾಗಬಾರದು. ಓವನ್ 150 ಡಿಗ್ರಿಗೆ ಕಾದಿರಲಿ. ಹೋಳುಗಳನ್ನು ತಟ್ಟೆಯ ಮೇಲಲ್ಲ, ತಂತಿಯ ಜಾಲರಿಯ ಮೇಲೆ ಒಂದಕ್ಕೊಂದು ತಾಗದಂತೆ ಇಡಿ, ಇಲ್ಲದಿದ್ದರೆ ಅಡಿಭಾಗದ ಹಬೆ ಹೋಗುವುದಕ್ಕೆ ದಾರಿ ಇರುವುದಿಲ್ಲ. 20 ನಿಮಿಷ ಆದ ಮೇಲೆ ಮಗುಚಿ ಹಾಕಿ ಇನ್ನೊಂದು 15 ನಿಮಿಷ. ಆಮೇಲೆ ಶಾಖವನ್ನು 110 ಡಿಗ್ರಿಗೆ ಇಳಿಸಿ ಅರ್ಧ ಗಂಟೆ. ಕೊನೆಗೆ ಓವನ್ ಆರಿಸಿ, ಬಾಗಿಲನ್ನು ಒಂದಿಷ್ಟು ತೆರೆದಿಟ್ಟು, ಅದರೊಳಗೇ ತಣಿಯಲು ಬಿಡಿ. ಸಿಹಿ ಬ್ರೆಡ್ ಆದರೆ ಬೇಗ ಕೆಂಪಾಗುತ್ತದೆ, ಮೊದಲಿನಿಂದಲೇ 130 ಡಿಗ್ರಿ ಸಾಕು. ಲಾದಿ ಪಾವ್ ಬಳಸುವುದಾದರೆ ಅಡ್ಡಲಾಗಿ ಸೀಳಿ. ಉಬ್ಬಿದ ಮೇಲಿನ ಅರ್ಧ ಕೆಳಗಿನದಕ್ಕಿಂತ ಹೆಚ್ಚು ಹೊತ್ತು ಕೇಳುತ್ತದೆ.

ಆಯಿತೋ ಇಲ್ಲವೋ ಎಂದು ಬಣ್ಣ ನೋಡಿ ಹೇಳಲಾಗುವುದಿಲ್ಲ. ತಕ್ಕಡಿ ಹೇಳುತ್ತದೆ. 100 ಗ್ರಾಂ ಬ್ರೆಡ್ ಒಣಗಿ 65 ಗ್ರಾಂ ಆದಾಗ ನೀರು ಸಾಕಷ್ಟು ಹೋಗಿದೆ ಎಂದರ್ಥ. 75 ಗ್ರಾಮಿನಲ್ಲಿ ನಿಂತಿದ್ದರೆ ಹೊರಗೆ ಎಷ್ಟೇ ಕೆಂಪಾಗಿರಲಿ, ನಡುವೆ ತೇವ ಇದೆ. ಮಾರನೆಯ ದಿನ ಆ ತೇವ ಹೊರಗಿನ ಪದರಕ್ಕೂ ಹರಡಿ ಇಡೀ ಟೋಸ್ಟ್ ಮೆತ್ತಗಾಗುತ್ತದೆ. ಬೇಗ ಮುಗಿಯಲಿ ಎಂದು 190, 200 ಡಿಗ್ರಿ ಇಟ್ಟಾಗ ಆಗುವುದು ಇದೇ. ಬಿಸಿಯಾಗಿರುವಾಗ ಮುರಿದು ನೋಡಿಯೂ ಪ್ರಯೋಜನವಿಲ್ಲ, ಬಿಸಿ ಟೋಸ್ಟ್ ಯಾವಾಗಲೂ ಸ್ವಲ್ಪ ಬಾಗುತ್ತದೆ. ತಣಿದ ಮೇಲೆ ಒಂದನ್ನು ಮುರಿಯಿರಿ. ನಡುವೆ ಮೃದು ಕಂಡರೆ 110 ಡಿಗ್ರಿಯಲ್ಲಿ ಇನ್ನು 20 ನಿಮಿಷ. ಬೆಚ್ಚಗಿರುವಾಗಲೇ ಡಬ್ಬಿಗೆ ತುಂಬಿದರೆ ಮುಚ್ಚಳದೊಳಗೆ ಹಬೆ ಕಟ್ಟಿ ಅಷ್ಟೂ ಶ್ರಮ ನೀರುಪಾಲು.

ಒಂದೇ ಸಲ ಬೆಂದವು

ಹಾಗಾದರೆ ಪಾರ್ಲೆ-ಜಿ, ಮಾರಿ ಬಿಸ್ಕತ್ತು ಹೇಗೆ? ಇವು ಬೇಯುವುದು ಒಂದೇ ಸಲ, ಅದೂ ಕೆಲವೇ ನಿಮಿಷ. ಹಾಗಿದ್ದೂ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತವೆ. ಉತ್ತರ ತೆಳುತನದಲ್ಲಿದೆ. ಬ್ರೆಡ್ಡಿನಷ್ಟು ನೀರು ಹಾಕದ ಹಿಟ್ಟನ್ನು ಕೆಲವು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿದರೆ ನೀರು ಹೊರಗೆ ಬರಲು ದೂರ ಸಾಗಬೇಕಾಗಿಲ್ಲ. ಕಾರ್ಖಾನೆಯ ಒಲೆ ಉದ್ದನೆಯ ಸುರಂಗ. ಉಕ್ಕಿನ ಪಟ್ಟಿಯ ಮೇಲೆ ಬಿಸ್ಕತ್ತು ಸಾಗುತ್ತಾ ಹೋಗುತ್ತದೆ: ಮೊದಲ ಭಾಗದಲ್ಲಿ ಉಬ್ಬುತ್ತದೆ, ನಡುವಿನಲ್ಲಿ ನೀರು ಕಳೆದುಕೊಳ್ಳುತ್ತದೆ, ಕೊನೆಯಲ್ಲಿ ಬಣ್ಣ ಪಡೆಯುತ್ತದೆ. ಬೇಯಿಸುವುದು, ಒಣಗಿಸುವುದು ಎರಡೂ ಒಂದೇ ಸುರಂಗದಲ್ಲಿ ಮುಗಿಯುತ್ತವೆ. ಎರಡನೆಯ ಬೇಯಿಸುವಿಕೆ ಎಲ್ಲಿಗೂ ಹೋಗಿಲ್ಲ, ಮೊದಲನೆಯದರೊಳಗೆ ಸೇರಿಕೊಂಡಿದೆ.

ಮಾರಿ ಬಿಸ್ಕತ್ತಿನ ಮೇಲಿನ ಸಣ್ಣ ತೂತುಗಳು ಅಲಂಕಾರಕ್ಕಲ್ಲ. ಮಾರಿಯ ಹಿಟ್ಟು ಚೆನ್ನಾಗಿ ನಾದಿದ್ದು, ಒಳಗೆ ಹಬೆ ಸಿಕ್ಕಿಕೊಂಡರೆ ಪೂರಿಯಂತೆ ಗುಳ್ಳೆ ಏಳುತ್ತದೆ. ತೂತುಗಳು ಮೇಲಿನ ಮತ್ತು ಕೆಳಗಿನ ಪದರಗಳನ್ನು ಒಂದಕ್ಕೊಂದು ಒತ್ತಿ ಹಿಡಿದು, ಹಬೆಗೆ ದಾರಿ ಬಿಡುತ್ತವೆ. ಪೊಟ್ಟಣದ ಹಿಂದೆ 503(ii) ಎಂದು ಬರೆದಿರುವುದು ಅಮೋನಿಯಂ ಬೈಕಾರ್ಬೊನೇಟ್. ಬೇಕರಿಯವರು ಬರೀ ‘ಅಮೋನಿಯಾ’ ಅನ್ನುತ್ತಾರೆ. ಶಾಖಕ್ಕೆ ಅದು ಪೂರ್ತಿ ಅನಿಲವಾಗಿ ಹಿಟ್ಟನ್ನು ಎತ್ತುತ್ತದೆ, ಹಿಂದೆ ಏನೂ ಉಳಿಸುವುದಿಲ್ಲ. ಆದರೆ ಇದು ತೆಳುವಾದ, ಪೂರ್ತಿ ಒಣಗುವ ತಿಂಡಿಗೆ ಮಾತ್ರ ಸರಿ. ಕೇಕಿಗೆ ಹಾಕಿದರೆ ಉಳಿದ ತೇವದಲ್ಲಿ ಅಮೋನಿಯಾ ಕರಗಿ ನಿಂತು ಘಾಟು ಹೊಡೆಯುತ್ತದೆ.

ಒಲೆಯಿಂದ ಬಂದಾಗ ಚೆನ್ನಾಗಿದ್ದ ಬಿಸ್ಕತ್ತು ಮಾರನೆಯ ದಿನ ಪೊಟ್ಟಣದಲ್ಲೇ ಕೂದಲೆಳೆಯಂತೆ ಬಿರಿದಿರುವುದುಂಟು. ಸಾಗಣೆಯ ತಪ್ಪು ಎಂದು ಬಹಳ ಜನ ತಿಳಿಯುತ್ತಾರೆ. ಕಾರಣ ನೀರಿನ ಹಂಚಿಕೆ. ಅಂಚು ಹೆಚ್ಚು ಒಣಗಿರುತ್ತದೆ, ನಡುವೆ ಸ್ವಲ್ಪ ತೇವ ಇರುತ್ತದೆ. ತಣಿದ ಮೇಲೆ ಅಂಚು ತೇವ ಹೀರಿ ಹಿಗ್ಗುತ್ತದೆ, ನಡುಭಾಗ ತೇವ ಬಿಟ್ಟು ಕುಗ್ಗುತ್ತದೆ. ಆ ಎಳೆದಾಟಕ್ಕೆ ಬಿರುಕು ಬಿಡುತ್ತದೆ. ನಿಧಾನವಾಗಿ ತಣಿಸುವುದು ಇದಕ್ಕೆ ಮದ್ದು. ಮನೆಯಲ್ಲಿ ಬಿಸ್ಕತ್ತು ಮಾಡಿ ಫ್ಯಾನಿನ ಕೆಳಗೆ ಆರಲು ಇಡುವವರು ಆ ಅಭ್ಯಾಸ ಬಿಡುವುದು ಒಳ್ಳೆಯದು.

ಪಾರ್ಲೆಯ ಹೆಸರು ಮುಂಬೈಯದೇ. 1929ರಲ್ಲಿ ವಿಲೆ ಪಾರ್ಲೆಯಲ್ಲಿ ಮಿಠಾಯಿ ಕಾರ್ಖಾನೆಯಾಗಿ ಶುರುವಾಗಿ, 1939ರಲ್ಲಿ ಬಿಸ್ಕತ್ತಿಗೆ ಕೈಹಾಕಿತು. ಆಗಿನ ಹೆಸರು ಪಾರ್ಲೆ ಗ್ಲುಕೊ. ಗ್ಲೂಕೋಸ್ ಬಿಸ್ಕತ್ತುಗಳು ಪೇಟೆಯಲ್ಲಿ ತುಂಬಿಹೋದಾಗ, 1980ರ ದಶಕದಲ್ಲಿ, ಪಾರ್ಲೆ-ಜಿ ಎಂದಾಯಿತು. ಜಿ ಎಂದರೆ ಗ್ಲೂಕೋಸ್. ವಿಲೆ ಪಾರ್ಲೆಯ ಕಾರ್ಖಾನೆ 2016ರಲ್ಲಿ ಮುಚ್ಚಿತು. ಮಾರಿ ಎಂಬುದು ಹೆಣ್ಣುಮಗಳ ಹೆಸರು: ರಷ್ಯಾದ ತ್ಸಾರನ ಮಗಳು ಮರಿಯಾ 1874ರಲ್ಲಿ ವಿಕ್ಟೋರಿಯಾ ರಾಣಿಯ ಮಗನನ್ನು ಮದುವೆಯಾದಾಗ ಲಂಡನ್ನಿನ ಪೀಕ್ ಫ್ರೀನ್ ಕಂಪನಿ ಮಾಡಿದ ಬಿಸ್ಕತ್ತು ಅದು.

ಪುಣೆಯ ಡಬ್ಬಿ

ಪುಣೆಯ ಕ್ಯಾಂಪಿನ ಈಸ್ಟ್ ಸ್ಟ್ರೀಟಿನಲ್ಲಿ 1955ರಿಂದ ಇರುವ ಕಯಾನಿ ಬೇಕರಿಯ ಶ್ರೂಸ್‌ಬೆರಿ ಬಿಸ್ಕತ್ತನ್ನು ಬೆಳಗಾವಿ, ಹುಬ್ಬಳ್ಳಿಯ ನೆಂಟರಿಗೆ ಒಯ್ಯದ ಪುಣೆ ಕನ್ನಡಿಗರು ವಿರಳ. ಶ್ರೂಸ್‌ಬೆರಿ ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತದ ಊರು. ಹಿಟ್ಟು, ಸಕ್ಕರೆ, ಬೆಣ್ಣೆಯ ಅಲ್ಲಿನ ತೆಳು ತಿಂಡಿಯನ್ನು ಇಂಗ್ಲಿಷರು ಬಿಸ್ಕತ್ತು ಎಂದಲ್ಲ, ಶ್ರೂಸ್‌ಬೆರಿ ಕೇಕ್ ಎಂದು ಕರೆಯುತ್ತಿದ್ದರು. ಎರಡು ಸಲ ಬೇಯಿಸುವ ಪ್ರಶ್ನೆಯೇ ಅದಕ್ಕೆ ಇರಲಿಲ್ಲ. ಸಕ್ಕರೆ ಅಗ್ಗವಾದಂತೆ ಇಂತಹ ಬೆಣ್ಣೆ ತಿಂಡಿಗಳೆಲ್ಲ ಬಿಸ್ಕತ್ತಿನ ಮನೆಗೆ ಸೇರಿದವು.

ಅದೇ ಪುಣೆಯಲ್ಲಿ ಮನೆಯಿಂದ ಹಿಟ್ಟು, ತುಪ್ಪ, ಸಕ್ಕರೆ ಕೊಟ್ಟು ಬೇಕರಿಯಲ್ಲಿ ನಾನ್‌ಖಟಾಯಿ ಮಾಡಿಸುವ ರೂಢಿ ಇನ್ನೂ ಇದೆ. ತಗಡಿನ ಡಬ್ಬಿ ಹಿಡಿದು ಹೋಗಿ, ಕಣ್ಣೆದುರೇ ಸುಡಿಸಿಕೊಂಡು ಬರುವುದು. ಉತ್ತರ ಕರ್ನಾಟಕದವರಿಗೆ ಇದು ಹೊಸದಲ್ಲ. ಒಂದು ಕೇಜಿ ಮೈದಾ, ಅರ್ಧ ಕೇಜಿ ತುಪ್ಪ, ಅರ್ಧ ಕೇಜಿ ಪುಡಿ ಸಕ್ಕರೆ, ಒಂದು ಚಮಚ ಅಡುಗೆ ಸೋಡಾ, ಏಲಕ್ಕಿ. ನೀರು ಹಾಕುವುದಿಲ್ಲವಾದ್ದರಿಂದ ಹಿಟ್ಟಿನಲ್ಲಿದ್ದ ತೇವವಷ್ಟೇ ಹೋಗಿ, ಡಬ್ಬಿಗೆ ಸುಮಾರು 1.9 ಕೇಜಿ ಬರಬೇಕು. ತುಂಬಾ ಕಡಿಮೆ ಬಂದರೆ ಕೇಳುವುದು ನಿಮ್ಮ ಹಕ್ಕು.

ಮನೆಯಲ್ಲಿ ಮಾಡುವಾಗ ಎಡವುವುದು ಹೆಚ್ಚಾಗಿ ತುಪ್ಪದಲ್ಲಿ. ತುಪ್ಪ ಬೆಣ್ಣೆಯಂತೆ ಹೆಪ್ಪಾಗಿರಬೇಕು, ಸಕ್ಕರೆಯ ಜೊತೆ ಬೆಳ್ಳಗಾಗುವವರೆಗೆ ತಿಕ್ಕಬೇಕು. ಮೇ ತಿಂಗಳಲ್ಲಿ ತುಪ್ಪ ಎಣ್ಣೆಯಂತೆ ಕರಗಿರುತ್ತದೆ. ಹಾಗೇ ಕಲಸಿದರೆ ಉಂಡೆಗಳು ಓವನ್ನಿನಲ್ಲಿ ಹರಡಿ ಒಂದಾಗುತ್ತವೆ. ಫ್ರಿಜ್ಜಿನಲ್ಲಿಟ್ಟು ಹರಳುಗಟ್ಟಿಸಿ ಬಳಸಿ, ಉಂಡೆ ಮಾಡಿದ ಮೇಲೆ ಮತ್ತೆ 20 ನಿಮಿಷ ತಣ್ಣಗಿಡಿ. ಹಿಟ್ಟು ಸೇರಿಸಿದ ಮೇಲೆ ನಾದಬೇಡಿ, ಒಟ್ಟುಗೂಡಿಸಿದರೆ ಸಾಕು. ಉಂಡೆ ಒಡೆಯುತ್ತದೆ ಎಂದು ನೀರು ಚಿಮುಕಿಸಿದರೆ ಅಂಟು ಬಿಟ್ಟು ಗಟ್ಟಿಯಾಗುತ್ತದೆ. ನೀರಿನ ಬದಲು ಅರ್ಧ ಚಮಚ ತುಪ್ಪ ಸೇರಿಸಿ. ಸೋಡಾ ಹೆಚ್ಚಾದರೆ ಸಾಬೂನಿನ ರುಚಿ, ಕಂದು ಚುಕ್ಕೆ. 160 ಡಿಗ್ರಿಯಲ್ಲಿ 18ರಿಂದ 20 ನಿಮಿಷ. ಹೊರಗೆ ತೆಗೆದಾಗ ಮೆತ್ತಗೇ ಇರುತ್ತದೆ, ಹಸಿಯಿದೆ ಎಂದು ಮತ್ತೆ ಒಳಗಿಡಬೇಡಿ. ಕರಗಿದ ತುಪ್ಪ ಹೆಪ್ಪಾಗಿ ಗರಿಗರಿ ಬರುವುದು ತಣಿಯುವಾಗ.

ಹೆಸರು ಬೇರೆ ಕಡೆ ಹೋದಾಗ

ಉಡುಪಿ, ಮಂಗಳೂರು ಕಡೆಯ ಕೊಂಕಣಿಗರು ಮುಂಬೈಗೆ ತಂದ ತಿಂಡಿಗಳಲ್ಲಿ ಬಿಸ್ಕುಟ್ ರೊಟ್ಟಿ ಇದೆ, ಬಿಸ್ಕುಟ್ ಅಂಬಡೆ ಇದೆ. ಎರಡೂ ಒಲೆಯ ಮುಖ ಕಂಡವಲ್ಲ, ಎಣ್ಣೆಯಲ್ಲಿ ಕರಿದವು. ಬಿಸ್ಕುಟ್ ರೊಟ್ಟಿ ಎಂದರೆ ತೆಂಗಿನತುರಿ, ಹಸಿಮೆಣಸು, ಇಂಗು, ಕರಿಬೇವಿನ ಹೂರಣ ತುಂಬಿ ಲಟ್ಟಿಸಿದ ಪೂರಿ. ಅಂಬಡೆ ತೂತಿಲ್ಲದ ಉದ್ದಿನ ವಡೆ. ಇಲ್ಲಿ ವಿಧಾನವೂ ಇಲ್ಲ, ಪೂರ್ತಿ ಒಣಗಿಸುವುದೂ ಇಲ್ಲ. ಉಳಿದಿರುವುದು ಹಲ್ಲಿಗೆ ಸಿಗುವ ಗರಿಗರಿ ಮಾತ್ರ.

ಅಮೆರಿಕದಲ್ಲಿ ಅದೂ ಉಳಿಯಲಿಲ್ಲ. ಅಲ್ಲಿ ಬಿಸ್ಕತ್ತು ಎಂದರೆ ಬೇಕಿಂಗ್ ಪೌಡರ್, ಮಜ್ಜಿಗೆ ಹಾಕಿ ಮಾಡಿದ, ಬಿಸಿಬಿಸಿಯಾಗಿ ತಿನ್ನುವ ಮೆತ್ತನೆಯ ಬನ್. ನಾವು ಬಿಸ್ಕತ್ತು ಅನ್ನುವುದಕ್ಕೆ ಅವರು ಕುಕಿ ಅನ್ನುತ್ತಾರೆ. ಅದು ಡಚ್ಚರು ಪುಟ್ಟ ಕೇಕಿಗೆ ಹೇಳುವ ಪದ, ಡಚ್ ವಲಸಿಗರ ಜೊತೆ ಅಲ್ಲಿಗೆ ಹೋದದ್ದು.

ಜವೇರಿ ಬಜಾರಿನ ಬಿಸ್ಕತ್ತು ತಿನ್ನುವಂಥದ್ದಲ್ಲ. ಹತ್ತು ತೊಲದ ಚಿನ್ನದ ಗಟ್ಟಿಗೆ ಆ ಹೆಸರು, ತೂಕ 116.64 ಗ್ರಾಂ, ಮೂಲೆಗಳು ದುಂಡಗೆ, ಅಂಗೈಯಲ್ಲಿ ಅಡಗುವಷ್ಟು ಗಾತ್ರ. ಚಿನ್ನ ನಿಯಂತ್ರಣ ಕಾಯ್ದೆ ಇದ್ದ 1968ರಿಂದ 1990ರವರೆಗಿನ ಕಾಲದಲ್ಲಿ ಮುಂಬೈ ಕರಾವಳಿಯ ಕಳ್ಳಸಾಗಣೆಯ ಸುದ್ದಿಗಳಲ್ಲಿ ಈ ಬಿಸ್ಕತ್ತು ಮನೆಮಾತಾಯಿತು. ಇಲ್ಲಿ ಪದ ಹಿಡಿದುಕೊಂಡದ್ದು ಆಕಾರವನ್ನು.

ಕುಂಬಾರಿಕೆಯಲ್ಲಿ ಆಗಿರುವುದು ಇನ್ನೂ ಕುತೂಹಲಕರ. ಹೊಳಪಿನ ಲೇಪ ಹಚ್ಚುವ ಮೊದಲು ಮಣ್ಣಿನ ಪಾತ್ರೆಯನ್ನು 900ರಿಂದ 1,000 ಡಿಗ್ರಿಯಲ್ಲಿ ಒಮ್ಮೆ ಸುಡುತ್ತಾರೆ. ಈ ಹಂತದ ಪಾತ್ರೆಗೆ ಬಿಸ್ಕತ್ತು ಎಂದೇ ಹೆಸರು. ಲೇಪ ಹಚ್ಚಿ ಎರಡನೆಯ ಸಲ ಸುಟ್ಟ ಮೇಲೆ ಆ ಹೆಸರು ಹೋಗುತ್ತದೆ. ಎರಡು ಸಲ ಸುಟ್ಟದ್ದು ಎಂಬ ಪದ ಒಂದೇ ಸಲ ಸುಟ್ಟದ್ದರ ಪಾಲಾಗಿದೆ. ಒಣಗಿ ನಿಂತು, ನೀರು ತಾಗಿದ ಕೂಡಲೇ ಹೀರಿಕೊಳ್ಳುವ ಅದರ ಗುಣ ತಿನ್ನುವ ಬಿಸ್ಕತ್ತಿನದೇ. ಬಡಗಿಗಳು ಎರಡು ಹಲಗೆಗಳ ನಡುವೆ ಕೂರಿಸುವ ಮರದ ಬಿಲ್ಲೆಗೂ ಬಿಸ್ಕತ್ತು ಅನ್ನುತ್ತಾರೆ. ಒತ್ತಿ ಮಾಡಿದ ಆ ಬಿಲ್ಲೆ ಅಂಟಿನ ನೀರು ಕುಡಿದು ಹಿಗ್ಗಿ ಜೋಡಣೆಯನ್ನು ಬಿಗಿ ಮಾಡುತ್ತದೆ.

ಗಟ್ಟಿಯಾಗುವುದು, ಮೆತ್ತಗಾಗುವುದು

ಬಿಸ್ಕತ್ತು ಯಾವುದು, ಕೇಕ್ ಯಾವುದು ಎಂಬ ಪ್ರಶ್ನೆ ನ್ಯಾಯಮಂಡಳಿಯ ಮೆಟ್ಟಿಲೇರಿದ್ದೂ ಉಂಟು. ಬ್ರಿಟನ್ನಿನಲ್ಲಿ ಚಾಕೊಲೇಟ್ ಹೊದಿಸಿದ ಬಿಸ್ಕತ್ತಿಗೆ ತೆರಿಗೆ ಇದೆ, ಕೇಕಿಗೆ ಇಲ್ಲ. 1991ರಲ್ಲಿ ಜಾಫಾ ಕೇಕ್ ಎಂಬ ತಿಂಡಿಯ ತೆರಿಗೆಯ ತಕರಾರಿನಲ್ಲಿ ಪರಿಗಣನೆಗೆ ಬಂದ ಅಂಶಗಳಲ್ಲಿ ಒಂದು ಇದು: ತೆರೆದಿಟ್ಟರೆ ಕೇಕ್ ಗಟ್ಟಿಯಾಗುತ್ತದೆ, ಬಿಸ್ಕತ್ತು ಮೆತ್ತಗಾಗುತ್ತದೆ. ಜಾಫಾ ಗಟ್ಟಿಯಾಗುತ್ತಿತ್ತು, ಕೇಕ್ ಎಂದೇ ತೀರ್ಮಾನವಾಯಿತು. ಈ ಪರೀಕ್ಷೆ ನೀರಿನ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಗಾಳಿಗಿಂತ ತೇವ ಹೆಚ್ಚಿರುವ ತಿಂಡಿ ಗಾಳಿಗೆ ನೀರು ಕೊಡುತ್ತದೆ, ಕಡಿಮೆ ಇರುವುದು ಗಾಳಿಯಿಂದ ನೀರು ತೆಗೆದುಕೊಳ್ಳುತ್ತದೆ. ನಮ್ಮಲ್ಲೂ 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಬ್ರೆಡ್ಡಿಗೆ ತೆರಿಗೆ ಇರಲಿಲ್ಲ, ರಸ್ಕಿಗೆ ಶೇ. 5, ಬಿಸ್ಕತ್ತಿಗೆ ಶೇ. 18. ಹೆಸರಿನ ಪ್ರಕಾರ ನಿಜವಾದ ಬಿಸ್ಕತ್ತಾದ ರಸ್ಕಿಗೆ ಕಡಿಮೆ, ಒಂದೇ ಸಲ ಬೆಂದದ್ದಕ್ಕೆ ಹೆಚ್ಚು. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತೂ ಶೇ. 5ಕ್ಕೆ ಇಳಿಯಿತು.

ಜುಲೈ ತಿಂಗಳ ಮುಂಬೈಯಲ್ಲಿ, ಗೋವಾದಲ್ಲಿ ಗಾಳಿಯ ತೇವ ನೂರಕ್ಕೆ 80 ದಾಟಿ ನಿಂತಿರುತ್ತದೆ. ತೆರೆದಿಟ್ಟ ಬಿಸ್ಕತ್ತು ಸಂಜೆಯೊಳಗೆ ಜಗ್ಗುತ್ತದೆ. ಹೋಗಿರುವುದು ಗರಿಗರಿ ಮಾತ್ರ, ಬಿಸ್ಕತ್ತು ಕೆಟ್ಟಿಲ್ಲ. ಮಾರಿ, ಗ್ಲೂಕೋಸ್, ಖಾರಿ, ಟೋಸ್ಟ್‌ಗಳನ್ನು 110 ಡಿಗ್ರಿಯ ಓವನ್ನಿನಲ್ಲಿ 8ರಿಂದ 10 ನಿಮಿಷ ಇಟ್ಟು, ಹೊರಗೆ ತೆಗೆದು ಕೋಣೆಯ ಶಾಖಕ್ಕೆ ಬಂದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಮಳೆಗಾಲದಲ್ಲಿ ಆರಲಿ ಎಂದು ಒಂದು ಗಂಟೆ ಬಿಟ್ಟರೆ ಓಡಿಸಿದ ತೇವ ವಾಪಸು ಬಂದಿರುತ್ತದೆ. ನಾನ್‌ಖಟಾಯಿಗೆ 5 ನಿಮಿಷ ಸಾಕು, ಹೆಚ್ಚಾದರೆ ತುಪ್ಪ ಜಿನುಗುತ್ತದೆ. ಕ್ರೀಮ್ ಬಿಸ್ಕತ್ತನ್ನು ಹೀಗೆ ಮಾಡಬೇಡಿ, ಕ್ರೀಮ್ ಕರಗುತ್ತದೆ. ಬ್ರೆಡ್, ಕೇಕ್‌ಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಜೊತೆಗಿಡುವುದೂ ಬೇಡ: ಬ್ರೆಡ್ಡಿನ ನೀರು ಬಿಸ್ಕತ್ತಿಗೆ ಹೋಗಿ ಅದು ಗಟ್ಟಿ, ಇದು ಮೆತ್ತಗೆ. ಡಬ್ಬಿಯ ಅಡಿಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ಅಕ್ಕಿ ಇಟ್ಟರೆ ಅಲ್ಪಸ್ವಲ್ಪ ತೇವವನ್ನು ಅದು ಎಳೆದುಕೊಳ್ಳುತ್ತದೆ. ಇಡುವ ಮೊದಲು ಅಕ್ಕಿಯನ್ನು ಬಾಣಲೆಯಲ್ಲಿ ಬಿಸಿ ಮಾಡಿ ತಣಿಸಿ, ಯಾಕೆಂದರೆ ಮಳೆಗಾಲದ ಅಕ್ಕಿಯೇ ತೇವ ತುಂಬಿಕೊಂಡಿರುತ್ತದೆ.